ಅಂಚು ತೇಯ್ದ ಹರಳು

ಆ ಉಂಗುರ ನನ್ನ ಮೇಜಿಗೆ ಬಂದದ್ದು ಕುಂಕುಮದ ಭರಣಿಯಲ್ಲಿ. ಹಳೆಯ ವಸ್ತುಗಳನ್ನು ಜನ ನನ್ನ ಬಳಿಗೆ ಕಾಲುಚೀಲದಲ್ಲಿ ತಂದದ್ದುಂಟು, ಮೊಸರಿನ ಡಬ್ಬಿಯಲ್ಲಿ ತಂದದ್ದುಂಟು. ಆದರೆ ಬೆಳ್ಳಿ ಭರಣಿಯ ಮುಚ್ಚಳ ತೆಗೆದು, ಕುಂಕುಮದೊಳಗೆ ಬೆರಳು ಹಾಕಿ, ರೋಮನ್ನರ ಕಾಲದ ಹರಳೊಂದನ್ನು ಎತ್ತಿ ಕೊಟ್ಟವರು ಇವರೊಬ್ಬರೇ.

ಅವರು ಮಿಶಿಗನ್ನಿನ ನಾರ್ತ್‌ವಿಲ್‌ನಿಂದ ಬಂದಿದ್ದರು. ಎಪ್ಪತ್ತು ದಾಟಿದವರು, ಧಾರವಾಡದ ಕಡೆಯವರು, ಗಂಡ ತೀರಿಕೊಂಡು ವರ್ಷ ತುಂಬಿರಲಿಲ್ಲ. ಜೊತೆಗೆ ಇಲ್ಲೇ ಹುಟ್ಟಿ ಬೆಳೆದ ಮಗಳು. ಚಿಕಾಗೋದಲ್ಲಿ ನನ್ನ ಕೆಲಸದ ಕೋಣೆ ಮೂರನೆಯ ಮಹಡಿಯಲ್ಲಿದೆ. ಆಂಟಿ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಲೇ ಕೊರೆದ ಚಿತ್ರವನ್ನು ನನಗೆ ತೋರಿಸಲು ಶುರು ಮಾಡಿದರು.

"ಲಕ್ಷ್ಮೀ ಇದ್ದಾಂಗ ಅದಾಳ ನೋಡ್ರಿ. ಕೈಯಾಗ ತುಂಬಿದ ಕೊಂಬು ಅದ. ಅದಕ್ಕ ನಮ್ಮವರು ಹೋದಮ್ಯಾಲ ದೇವರ ಮುಂದ ಇಟ್ಟು ದಿನಾ ಕುಂಕುಮ ಹಚ್ಚಲಿಕತ್ತೀನಿ."

"ಅಮ್ಮಾ, ಶಿ ಡಸಂಟ್ ನೀಡ್ ದ ಹೋಲ್ ಸ್ಟೋರಿ," ಎಂದಳು ಮಗಳು.

"ಬೇಕು," ಎಂದೆ. "ಪೂರ್ತಿ ಕತೆ ಕೇಳೋದೇ ನನ್ನ ಕೆಲಸ."

ಅದು ನಿಜ. ಒಂದು ವಸ್ತು ಯಾರ ಕೈಯಿಂದ ಯಾರ ಕೈಗೆ ಹೋಯಿತು, ನ್ಯಾಯವಾಗಿ ಹೋಯಿತೋ ಇಲ್ಲವೋ ಎಂದು ಹಿಂದಕ್ಕೆ ಹಿಂದಕ್ಕೆ ಹುಡುಕಿಕೊಂಡು ಹೋಗಿ ವರದಿ ಬರೆಯುವುದು ನನ್ನ ವೃತ್ತಿ. ಮಗಳಿಗೆ ಬೇಕಾಗಿದ್ದುದೂ ಅಂಥ ಒಂದು ವರದಿ. ಅಪ್ಪ ಓದಿದ ವಿಶ್ವವಿದ್ಯಾಲಯದ ಸಂಗ್ರಹಾಲಯಕ್ಕೆ ಹರಳನ್ನು ಅಪ್ಪನ ಹೆಸರಿನಲ್ಲಿ ಕೊಡಬೇಕೆಂದು ಅವಳು ನಿಶ್ಚಯಿಸಿದ್ದಳು. ಹಿಂದಿನ ಮಾಲೀಕರ ಚರಿತ್ರೆಯಿಲ್ಲದೆ ಈಗ ಯಾವ ಸಂಗ್ರಹಾಲಯವೂ ಪುರಾತನ ವಸ್ತುವನ್ನು ದಾನವಾಗಿಯೂ ತೆಗೆದುಕೊಳ್ಳುವುದಿಲ್ಲ.

ಹರಳು ಕಾರ್ನೀಲಿಯನ್, ಬೆಳಕಿಗೆ ಹಿಡಿದರೆ ಒಳಗಿನಿಂದ ಕಿತ್ತಳೆ ಕೆಂಪು ಕಾಣುವ ಕಲ್ಲು. ಕೊರೆದದ್ದು ರೋಮನ್ನರ ಅದೃಷ್ಟದೇವತೆ. ಒಂದು ಕೈಯಲ್ಲಿ ಹಣ್ಣು ತುಂಬಿದ ಕೊಂಬು, ಇನ್ನೊಂದು ಕೈಯಲ್ಲಿ ಹಡಗಿನ ಚುಕ್ಕಾಣಿ. ಇಂಥ ಹರಳುಗಳಲ್ಲಿ ಚಿತ್ರ ಕಲ್ಲಿನ ಒಳಕ್ಕೆ ತಗ್ಗಾಗಿ ಇರುತ್ತದೆ. ಮೇಣಕ್ಕೆ ಒತ್ತಿದರೆ ದೇವತೆ ಉಬ್ಬಿ ಹೊರಗೆ ಬರುತ್ತಾಳೆ. ಹಳೆಯ ಕಾಲದಲ್ಲಿ ಇವು ಮುದ್ರೆಯುಂಗುರಗಳು. ಆಂಟಿ ಅವಳನ್ನು ಲಕ್ಷ್ಮಿ ಎಂದುಕೊಂಡದ್ದರಲ್ಲಿ ನನಗಂತೂ ದೊಡ್ಡ ತಪ್ಪೇನೂ ಕಾಣಲಿಲ್ಲ.

ತಪ್ಪು ಇದ್ದದ್ದು ಬೇರೆ ಕಡೆ. ಉಂಗುರವನ್ನು ತಿರುಗಿಸಿ ನೋಡಿದೆ. ಚಿನ್ನ ಹೊಸದು. ಹಿಂಬದಿ ತೆರೆದಿತ್ತು, ಹರಳಿನ ಬೆನ್ನು ಬೆರಳಿಗೆ ತಾಗುವಂತೆ.

"ಇದರ ಹಳೇ ಕಟ್ಟು ಎಲ್ಲಿ ಆಂಟಿ?"

ಅವರು ಹೇಳಿದ್ದನ್ನು ಇಲ್ಲಿ ಚಿಕ್ಕದಾಗಿ ಬರೆಯುತ್ತೇನೆ. ಅವರ ಗಂಡ ಮಿಶಿಗನ್ನಿನದೇ ವಾರೆನ್ ಊರಿನ ಕಾರು ಕಂಪನಿಯೊಂದರ ತಾಂತ್ರಿಕ ಕೇಂದ್ರದಲ್ಲಿ ಅಚ್ಚುಗಳನ್ನು ವಿನ್ಯಾಸ ಮಾಡುವ ಎಂಜಿನಿಯರ್. ಅಲ್ಲಿಯ ಟೂಲ್ ರೂಮಿನಲ್ಲಿ ಆಸ್ಟ್ರಿಯಾದಿಂದ ವಲಸೆ ಬಂದ ಹಿರಿಯ ಕೆಲಸಗಾರನೊಬ್ಬನಿದ್ದ. ಅವನಿಗೆ ಹಿಂದೆಮುಂದೆ ಯಾರೂ ಇರಲಿಲ್ಲ. ಕೊನೆಗಾಲದಲ್ಲಿ ಅವನನ್ನು ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆ ಡ್ರೈವ್ ಮಾಡಿಕೊಂಡು ಹೋಗುತ್ತಿದ್ದವರು ಆಂಟಿಯ ಗಂಡ. ಸಾಯುವ ಮೊದಲು ಅವನು ಈ ಉಂಗುರ ಕೊಟ್ಟ, ಎಲ್ಲಿಂದ ಬಂತೆಂದು ಹೇಳಲಿಲ್ಲ. ಮೂವತ್ತು ವರ್ಷ ಅದು ಡ್ರಾಯರಿನಲ್ಲಿತ್ತು. ಗಂಡನಿಗೆ ಕಾಯಿಲೆ ಬಿಗಡಾಯಿಸಿದಾಗ ಆಂಟಿ ಹುಬ್ಬಳ್ಳಿಯ ಜ್ಯೋತಿಷಿಯೊಬ್ಬರನ್ನು ಫೋನಿನಲ್ಲಿ ಕೇಳಿದರು. ಕುಜ ನೀಚನಾಗಿದ್ದಾನೆ, ಹವಳ ಹಾಕಿಸಿ, ಇಲ್ಲವಾದರೆ ಕೆಂಪು ಹರಳಾದರೂ ಆದೀತು, ಆದರೆ ಹಿಂಬದಿ ತೆರೆದಿರಬೇಕು, ಮೈಗೆ ತಾಗಬೇಕು ಎಂದರಂತೆ. ಗಂಡ ಹವಳ ಕೊಳ್ಳಲು ಒಪ್ಪಲಿಲ್ಲ. "ಕೆಂಪು ಹಳ್ಳು ಮನ್ಯಾಗ ಅದ ಅಲಾ," ಎಂದರು.

"ಅಕ್ಕಸಾಲಿಗ ಹಳೇದು ಒಡದು ತಗದ. ಹರಳು ಹೊಸಾ ಕಟ್ಟಿನ್ಯಾಗ ಕೂಡವಲ್ದಾಗಿತ್ತು, ಅಂಚು ಸ್ವಲ್ಪ ತೇಯ್ದ. ಹಳೇ ಬಂಗಾರಾನೂ ಅದರಾಗ ಕರಗಿಸಿ ಹಾಕು ಅಂದೆ ನಾನಽ. ಬ್ಯಾರೆಯವರ ಬಂಗಾರ ಹಂಗಽ ಇರಬಾರದಲ್ಲಾ, ಕರಗಿಸಿದರ ನಮ್ಮದಾಗತದ."

ನನ್ನ ನಾಲಿಗೆ ನನ್ನ ಮಾತು ಕೇಳುವುದಿಲ್ಲ. "ಯಾಕೆ ಕರಗಿಸ್ಬಿಟ್ರಿ ಆಂಟಿ? ಹಳೇ ಕಟ್ಟು ನೋಡಿದ್ರೆ ಯಾವ ದೇಶದ್ದು, ಯಾವ ಕಾಲದ್ದು ಅಂತ ಹೇಳ್ಬಹುದಿತ್ತು. ಅಂಚು ಬೇರೆ ತೇಯ್ದಿದ್ದೀರಿ. ಒಂದು ಮಾತು ಯಾರನ್ನಾದ್ರೂ ಕೇಳ್ಬಾರ್ದಿತ್ತಾ?" ಎಂದು ರೇಗಿಬಿಟ್ಟೆ.

ಅವರು ಸೆರಗಿನಿಂದ ಕಣ್ಣೊರೆಸಿಕೊಂಡರು. "ಏಳು ತಿಂಗಳಾ ಹಾಕ್ಕೊಂಡಿದ್ರು. ಏಳು ತಿಂಗಳಾ ಬದುಕಿದ್ರು," ಎಂದರು. ಮಗಳು ನನ್ನನ್ನು ನೋಡಿದ ನೋಟ ಇವತ್ತಿಗೂ ನೆನಪಿದೆ, ಮತ್ತು ಅದು ನನಗೆ ಸಲ್ಲಬೇಕಾದದ್ದೇ.

ಮರುವಾರ ಕೆಲಸ ಶುರುವಾಯಿತು. ಮೊದಲು ಕುಂಕುಮ. ಬಟ್ಟಿ ಇಳಿಸಿದ ನೀರಿನಲ್ಲಿ ನೆನೆಸಿ, ಮೆದು ಕಡ್ಡಿಯ ತುದಿಗೆ ಹತ್ತಿ ಸುತ್ತಿ, ದೇವತೆಯ ಸೀರೆಯಂಥ ಉಡುಗೆಯ ನೆರಿಗೆಗಳಿಂದ ಒಂದೊಂದೇ ಕಣ ತೆಗೆದೆ. ಎರಡು ದಿನ ಹಿಡಿಯಿತು. ಆಮೇಲೆ ಸೂಕ್ಷ್ಮದರ್ಶಕದ ಕೆಳಗಿಟ್ಟು ಬೆಳಕನ್ನು ಪಕ್ಕದಿಂದ ಬಿಟ್ಟೆ. ಗೀರುಗಳ ತಳ ಉರುಟಾಗಿತ್ತು. ಎಣ್ಣೆಯಲ್ಲಿ ಕಲೆಸಿದ ಪುಡಿಯೊಂದಿಗೆ ಕೈಯಿಂದ ತಿರುಗಿಸುವ ಬೈರಿಗೆಯ ಗುರುತು ಅದು. ಒಳಗಿನ ಮೆರುಗು ಶತಮಾನಗಳಿಂದ ಮಾಸಿದ್ದು. ನಕಲಲ್ಲ, ಸುಮಾರು ಹದಿನೆಂಟು ನೂರು ವರ್ಷ ಹಳೆಯದು. ಅಂಚು ಮಾತ್ರ ನಿನ್ನೆ ಮೊನ್ನೆಯದು, ಗಾಜಿನಂತೆ ನುಣ್ಣಗೆ. ಉದ್ದ ಅಳೆದೆ: 13.80 ಮಿಲಿಮೀಟರ್. ಸಿಲಿಕೋನಿನಲ್ಲಿ ಅಚ್ಚು ತೆಗೆದುಕೊಂಡೆ.

ನಂತರ, ಎಲ್ಲ ವಸ್ತುಗಳಿಗೂ ಮಾಡುವಂತೆ, ಎರಡನೇ ಮಹಾಯುದ್ಧದ ಕಾಲದಲ್ಲಿ ಕಳೆದುಹೋದ ಕಲಾವಸ್ತುಗಳ ಪಟ್ಟಿಗಳಲ್ಲಿ ಹುಡುಕಿದೆ. ನೂರಕ್ಕೆ ತೊಂಬತ್ತೊಂಬತ್ತು ಸಲ ಏನೂ ಸಿಗುವುದಿಲ್ಲ, ಹುಡುಕಿದೆ ಎಂದು ವರದಿಯಲ್ಲಿ ಒಂದು ಸಾಲು ಬರೆದು ಮುಂದೆ ಹೋಗುತ್ತೇವೆ. ಈ ಸಲ ಸಿಕ್ಕಿತು. 'ಕೆಂಪು ಕಲ್ಲು, ಕೊಂಬು ಮತ್ತು ಚುಕ್ಕಾಣಿ ಹಿಡಿದ ದೇವತೆ, ಪಾದಗಳ ಕೆಳಗೆ ಅಂಚಿನಲ್ಲಿ ಚಿಕ್ಕ ಒಡಕು, ವಿಯೆನ್ನಾ.' ನೋಂದಾಯಿಸಿದವರ ವಿಳಾಸ ಸ್ಕೋಕಿ. ನನ್ನ ಕೋಣೆಯಿಂದ ಅರ್ಧ ಗಂಟೆಯ ದಾರಿ.

ಸ್ಕೋಕಿಯ ಆ ಅಪಾರ್ಟ್‌ಮೆಂಟಿನಲ್ಲಿದ್ದ ಮಹಿಳೆಗೆ ತೊಂಬತ್ತು ದಾಟಿತ್ತು. ಕಣ್ಣು ಹೆಚ್ಚುಕಡಿಮೆ ಹೋಗಿತ್ತು, ನೆರಳು ಬೆಳಕು ಮಾತ್ರ ತಿಳಿಯುತ್ತಿತ್ತು. ಕಿವಿ ಮತ್ತು ನಾಲಿಗೆ ಎರಡೂ ಚುರುಕು. ನಮ್ಮ ಮಾತು ಇಂಗ್ಲಿಷಿನಲ್ಲಿ ನಡೆಯುತ್ತಿತ್ತು. ನೆನಪಿದ್ದಷ್ಟನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ನೀನು ಮಾರುವವಳೋ, ಕೊಳ್ಳುವವಳೋ?" ಎಂದು ಕೇಳಿದರು.

"ಎರಡೂ ಅಲ್ಲ. ಹುಡುಕುವವಳು."

"ಹಾಗಾದರೆ ಕೂತುಕೋ."

ಅವರ ಅಪ್ಪ ವಿಯೆನ್ನಾದ ಯೆಹೂದಿ ವೈದ್ಯ, ಹರಳುಗಳ ಮರುಳು. ನಲವತ್ತು ಕೊರೆದ ಹರಳುಗಳನ್ನು ಕಟ್ಟಿಲ್ಲದೆ ಬಿಡಿಯಾಗಿ ಪೆಟ್ಟಿಗೆಯಲ್ಲಿ ಜೋಡಿಸಿಟ್ಟುಕೊಂಡಿದ್ದರು. ಪ್ರತಿಯೊಂದರ ಅಚ್ಚನ್ನೂ ಬಿಳಿ ಪ್ಲಾಸ್ಟರಿನಲ್ಲಿ ತೆಗೆದು, ಸಂಖ್ಯೆ ಬರೆದು, ಪುಸ್ತಕದ ಆಕಾರದ ಪೆಟ್ಟಿಗೆಯಲ್ಲಿ ಕೂರಿಸಿದ್ದರು. ಹಿಟ್ಲರನ ಕಾಲದಲ್ಲಿ ಆರು ವರ್ಷದ ಮಗಳನ್ನು ಒಬ್ಬಳನ್ನೇ ಹೊರದೇಶಕ್ಕೆ ಕಳಿಸುವಾಗ ಹರಳು ಕಳಿಸುವ ಹಾಗಿರಲಿಲ್ಲ. ಪ್ಲಾಸ್ಟರನ್ನು ಗಡಿಯ ಕಾವಲಿನವರು ಕಸವೆಂದು ಬಿಟ್ಟರು. ಹರಳುಗಳು ಯಾರ ಪಾಲಾದವೋ ತಿಳಿಯದು. ಅಪ್ಪ ಅಮ್ಮ ಇಬ್ಬರೂ ಬದುಕಿ ಬರಲಿಲ್ಲ.

"ಹದಿನಾಲ್ಕನೆಯದು ನೋಡು," ಎಂದು ಪೆಟ್ಟಿಗೆ ಮುಂದೆ ಸರಿಸಿದರು. "ಅದನ್ನು ಅಪ್ಪ ಕೋಟಿನ ಜೇಬಿನಲ್ಲಿ ಇಟ್ಟುಕೊಂಡು ಓಡಾಡುತ್ತಿದ್ದರು. ರೋಗಿಯ ಮನೆಗೆ ಹೋಗುವಾಗ ಬೇಕೇ ಬೇಕು. ಪ್ಲಾಸ್ಟರನ್ನು ಅಪ್ಪ ಒಂದು ಸಲ ಮಾಡಿ ಮುಚ್ಚಿಟ್ಟರು. ಆ ಕಲ್ಲನ್ನು ಮಾತ್ರ ದಿನವೂ ಮುಟ್ಟುತ್ತಿದ್ದರು. ನನಗೆ ಮಾರುವುದಕ್ಕಲ್ಲ, ತೋರಿಸುವುದಕ್ಕೂ ಅಲ್ಲ. ಒಂದು ಮಧ್ಯಾಹ್ನ ಕೈಯಲ್ಲಿ ಹಿಡಿದು ಕೂರಬೇಕು, ಅಷ್ಟೇ."

ಹದಿನಾಲ್ಕನೆಯ ಅಚ್ಚನ್ನು ಬೆಳಕಿಗೆ ಹಿಡಿದೆ. ಉಳಿದ ಮೂವತ್ತೊಂಬತ್ತೂ ನಿನ್ನೆ ಎರಕ ಹೊಯ್ದಷ್ಟು ಸ್ಪಷ್ಟವಾಗಿದ್ದವು. ಇದೊಂದರಲ್ಲಿ ಮಾತ್ರ ದೇವತೆಯ ಮುಖವಿಲ್ಲ, ನೆರಿಗೆಯಿಲ್ಲ, ಕೊಂಬು ಒಂದು ಉಬ್ಬಾಗಿ ಉಳಿದಿತ್ತು. ಆರು ವರ್ಷದ ಹುಡುಗಿ ಪರದೇಶದಲ್ಲಿ ಅಪ್ಪ ನೆನಪಾದಾಗಲೆಲ್ಲ ಹೆಬ್ಬೆರಳಿನಿಂದ ಸವರಿದ್ದಳು. ಮುದುಕಿಯಾದ ಮೇಲೂ ಸವರುವುದನ್ನು ಬಿಟ್ಟಿರಲಿಲ್ಲ. ನಾವು ಮಾತಾಡುತ್ತಿದ್ದಾಗಲೂ ಅವರ ಹೆಬ್ಬೆರಳು ಅದರ ಖಾಲಿ ಗೂಡಿನಲ್ಲಿ ಆಡುತ್ತಿತ್ತು. ಅಚ್ಚಿನ ಅಂಚು ಮಾತ್ರ ಚೂಪಾಗಿ ಉಳಿದಿತ್ತು, ಪಾದದ ಕೆಳಗಿನ ಒಡಕೂ ಸ್ಪಷ್ಟವಾಗಿತ್ತು.

ನನ್ನ ಸಂಕಟ ನೋಡಿ. ಹರಳಿನಲ್ಲಿ ಚಿತ್ರ ಸ್ಪಷ್ಟವಿದೆ, ಅಂಚು ಹೋಗಿದೆ. ಅಚ್ಚಿನಲ್ಲಿ ಅಂಚು ಸ್ಪಷ್ಟವಿದೆ, ಚಿತ್ರ ಹೋಗಿದೆ. ಇಬ್ಬರು ಹೆಂಗಸರು ತಂತಮ್ಮ ಪ್ರೀತಿಯಿಂದ ಸಾಕ್ಷಿಯ ಒಂದೊಂದು ಅರ್ಧವನ್ನು ಅಳಿಸಿದ್ದರು, ಮತ್ತು ಅಳಿಸಿದ ಅರ್ಧಗಳು ಬೇರೆ ಬೇರೆ. ಇಬ್ಬರ ಮೇಲೂ ಸಿಟ್ಟು ಮಾಡಿಕೊಳ್ಳಲು ನನ್ನಿಂದ ಆಗಲಿಲ್ಲ.

ಅಚ್ಚನ್ನು ಕೇಳಿ ಪಡೆದು ಕೋಣೆಗೆ ತಂದು ಅಳೆದೆ. ಉದ್ದ 14.10. ದೇವತೆಯ ನೆತ್ತಿಯಿಂದ ಪಾದದವರೆಗಿನ ಎತ್ತರ, ಸವೆದದ್ದನ್ನು ಬಿಟ್ಟರೆ, ಹರಳಿನದಕ್ಕೆ ಹೊಂದುತ್ತಿತ್ತು. ನಿಲುವು ಒಂದೇ, ಚುಕ್ಕಾಣಿಯ ಓರೆ ಒಂದೇ. ಆದರೆ ಈ ಅದೃಷ್ಟದೇವತೆ ರೋಮನ್ ಕಾರ್ಯಾಗಾರಗಳಲ್ಲಿ ಒಂದೇ ಮಾದರಿಯಿಂದ ಹತ್ತಾರು ಸಲ ಕೊರೆದ ಚಿತ್ರ. ಆದ್ದರಿಂದ ಅಂಚೇ ಮುಖ್ಯ. ಆಂಟಿಯ ಅಕ್ಕಸಾಲಿಗನಿಗೆ ಫೋನ್ ಮಾಡಿ ಎಷ್ಟು ತೇಯ್ದೆ ಎಂದು ಕೇಳಿದೆ. ಗಾಬರಿಯಾದ. ಹೆಚ್ಚೆಂದರೆ ಕಾಲು ಮಿಲಿಮೀಟರ್ ಮೇಡಂ, ಅದಕ್ಕಿಂತ ಹೆಚ್ಚು ನಾನು ಯಾವತ್ತೂ ತೇಯುವುದಿಲ್ಲ ಎಂದ. ಹದಿಮೂರು ಪಾಯಿಂಟ್ ಎಂಟಕ್ಕೆ ಕಾಲು ಕೂಡಿಸಿದರೆ ಹದಿನಾಲ್ಕರ ಆಸುಪಾಸು. ಒಡಕು ತೇಯುವಾಗ ಹೋಗಿರುತ್ತದೆ. ಉಂಗುರ ಕೊಟ್ಟವನೂ ಆಸ್ಟ್ರಿಯಾದವನು.

ಇಲ್ಲಿ ನಾನು ತಪ್ಪು ಮಾಡಿದೆ. ಹೆದರಿದ ಮನುಷ್ಯನ ನೆನಪನ್ನು ಅಳತೆಯೆಂದು ಬರೆದುಕೊಂಡೆ. ಅದಕ್ಕಿಂತ ದೊಡ್ಡ ತಪ್ಪೆಂದರೆ, ವರದಿ ಮುಗಿಯುವ ಮೊದಲೇ ಸ್ಕೋಕಿಗೆ ಫೋನ್ ಮಾಡಿ, "ಬಹುಶಃ ನಿಮ್ಮದೇ" ಎಂದೆ. ಬಹುಶಃ ಎಂಬ ಪದವನ್ನು ನಾನು ಒತ್ತಿ ಹೇಳಿದೆನೆಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆ ಕಡೆ ಅವರು ಅಳುತ್ತಿರುವುದು ಕೇಳಿಸಿತು. ನಾನೂ ಅತ್ತೆ. ಖುಷಿಯ ಸುದ್ದಿ ಹೇಳುವ ಅವಕಾಶ ಈ ಕೆಲಸದಲ್ಲಿ ಬಹಳ ಕಡಿಮೆ, ಕೈಗೆ ಬಂದಾಗ ತಡೆದುಕೊಳ್ಳಲಾಗಲಿಲ್ಲ.

ನಾರ್ತ್‌ವಿಲ್‌ಗೂ ಹೇಳಿದೆ. ಮಗಳು ಮೊದಲು ಸಿಟ್ಟಾದಳು. "ಸೋ ಯು ಆರ್ ಸೇಯಿಂಗ್ ಅಪ್ಪ ವೋರ್ ಸ್ಟೋಲನ್ ಪ್ರಾಪರ್ಟಿ?" ಎಂದಳು. ಆಂಟಿ ಫೋನ್ ಕಿತ್ತುಕೊಂಡರು.

"ಆಕಿ ಅಪ್ಪಂದು ಆಕಿಗೆ ಕೊಟ್ಟಬಿಡೂದಷ್ಟ. ಇದರಾಗ ವಿಚಾರ ಮಾಡೂದೇನದ?" ಎಂದರು. ಆಮೇಲೆ ದನಿ ಇಳಿಸಿ, "ಒಂದು ಮಾತು ಖರೇ ಹೇಳ್ರಿ. ಬ್ಯಾರೆಯವರ ಕಣ್ಣೀರಿನ ಹಳ್ಳು ನಮ್ಮವರ ಮೈಗೆ ತಾಕಿತಲ್ಲಾ, ಅದಕ್ಕಽ ಏನರ..." ಎಂದು ಅರ್ಧಕ್ಕೆ ನಿಲ್ಲಿಸಿದರು.

"ಇಲ್ಲ ಆಂಟಿ. ಹಾಗೆಲ್ಲ ಇಲ್ಲ," ಎಂದೆ. ನನ್ನ ಮಾತನ್ನು ಅವರು ನಂಬಲಿಲ್ಲ. ಅವರ ಪಾಲಿಗೆ ಹರಳನ್ನು ಹಿಂತಿರುಗಿಸುವುದು ಈಗ ಗಂಡನಿಗೆ ಮಾಡಬೇಕಾಗಿ ಉಳಿದಿದ್ದ ಒಂದೇ ಕೆಲಸವಾಗಿತ್ತು.

ಕೊಡುವ ದಿನ ನಿಶ್ಚಯವಾಯಿತು. ಅಷ್ಟರಲ್ಲಿ ಉಂಗುರ ನಾರ್ತ್‌ವಿಲ್‌ಗೆ ವಾಪಸು ಹೋಗಿತ್ತು. ಗಂಡನ ವರ್ಷಾಬ್ದಿಕಕ್ಕೆ ಮನೆಯಲ್ಲಿರಲಿ ಎಂದು ಆಂಟಿ ಕೇಳಿಕೊಂಡಿದ್ದರು. ವರ್ಷಾಬ್ದಿಕ ಮುಗಿದ ಮೇಲೆ ನಾನೇ ಹೋಗಿ ತರುವುದೆಂದಾಯಿತು. ಫ್ಯಾರನ್‌ಹೀಟ್‌ನಲ್ಲಿ ಒಂಬತ್ತು ಡಿಗ್ರಿ ಚಳಿ, ಮಿಶಿಗನ್ ಸರೋವರದ ಕಡೆಯಿಂದ ಹಿಮ. ನೈಂಟಿ-ಫೋರ್‌ ಹೆದ್ದಾರಿಯಲ್ಲಿ ಐದು ಗಂಟೆ ಡ್ರೈವ್ ಮಾಡಿದೆ. ಮಿಶಿಗನ್ನಿನ ಗಡಿಯಾರ ಒಂದು ಗಂಟೆ ಮುಂದೆ ಎಂಬುದನ್ನು ಎಂದಿನಂತೆ ಮರೆತು ತಡವಾಗಿ ತಲುಪಿದೆ. ಆಂಟಿ ಊಟಕ್ಕೆ ಕಾದಿದ್ದರು. ಜೋಳದ ರೊಟ್ಟಿ ಆರಿ ಹೋಗಿತ್ತು.

ಊಟವಾದ ಮೇಲೆ ಉಂಗುರದ ಜೊತೆಗೆ ಒಂದು ನೋಟ್‌ಬುಕ್ ತಂದಿಟ್ಟರು. ಗಂಡನದು. ಆ ಮನುಷ್ಯ ನಿವೃತ್ತರಾದ ಮೇಲೂ ಅಳೆಯುವುದನ್ನು ಬಿಟ್ಟಿರಲಿಲ್ಲವಂತೆ: ಬಾಗಿಲಿನ ಸಂದು, ಟೈರಿನ ಗೀರು, ಮೊಮ್ಮಗುವಿನ ಎತ್ತರ, ಎಲ್ಲವೂ ತಾರೀಖಿನೊಂದಿಗೆ.

"ಅಕ್ಕಸಾಲಿಗನ ಕಡೆ ಹೋದಾಗ ಕಿಸೇದಾಗ ಕ್ಯಾಲಿಪರ್ ಒಯ್ದಿದ್ರು. ಹಳೇ ಕಟ್ಟಿಂದ ಹಳ್ಳು ಬಿಡಿಸಿದಕೂಡ್ಲೆ, ತಡೀ, ತೇಯೂಕಿಂತ ಮೊದಲ ಅಳೀತೀನಿ ಅಂದ್ರು. ನನಗ ನಾಚಿಕಿ ಬಂದಿತ್ತು. ನಿನ್ನೆ ನೆನಪಾಗಿ ಹುಡುಕಿದೆ. ನೋಡ್ರಿ, ನಿಮಗ ಪಕ್ಕಾ ಪುರಾವೆ ಸಿಕ್ಕತು. ಆಕಿಗೆ ತೋರಿಸಲಿಕ್ಕೆ ಬೇಕಾಗತದ."

ಪುಟ ತೆರೆದೆ. ಪೆನ್ಸಿಲಿನಲ್ಲಿ ಹರಳಿನ ಸುತ್ತ ಎಳೆದ ಅಂಡಾಕಾರ. ಪಕ್ಕದಲ್ಲಿ ಸಣ್ಣ, ನೆಟ್ಟಗಿನ ಅಕ್ಷರಗಳಲ್ಲಿ ಉದ್ದ 15.45, ಅಗಲ 11.90, ದಪ್ಪ 3.10. ಮೂರು ಸಲ ಅಳೆದದ್ದು, ಮೂರೂ ಬರೆದದ್ದು. ಕೆಳಗೆ ಇಂಗ್ಲಿಷಿನಲ್ಲಿ ಒಂದು ಸಾಲು, ಅಂಚು ಪೂರ್ತಿಯಾಗಿದೆ, ಎಲ್ಲೂ ಒಡಕಿಲ್ಲ.

ಮತ್ತೆ ಓದಿದೆ. ಅಕ್ಕಸಾಲಿಗ ತೇಯ್ದದ್ದು ಕಾಲು ಮಿಲಿಮೀಟರ್ ಅಲ್ಲ, ಒಂದೂವರೆಗಿಂತ ಹೆಚ್ಚು. ಸ್ಕೋಕಿಯ ಅಪ್ಪನ ಹರಳು ಹದಿನಾಲ್ಕು ಚಿಲ್ಲರೆ, ಅಂಚಿನಲ್ಲಿ ಒಡಕು. ಇದು ಹದಿನೈದೂವರೆ, ಒಡಕಿಲ್ಲ. ಚಿಕ್ಕ ಕಲ್ಲು ದೊಡ್ಡದಾಗುವುದಿಲ್ಲ, ಒಡೆದ ಅಂಚು ಕೂಡಿಕೊಳ್ಳುವುದಿಲ್ಲ. ಒಂದೇ ಮಾದರಿಯಿಂದ ಕೊರೆದ ಎರಡು ಹರಳುಗಳು. ಇದು ಅವರದಲ್ಲ.

ಆ ನೋಟ್‌ಬುಕ್ಕನ್ನು ಮುಚ್ಚಿಬಿಡಬಹುದಿತ್ತು. ಆಂಟಿಗೆ ಅಂಕಿಗಳ ಅರ್ಥ ಗೊತ್ತಿರಲಿಲ್ಲ. ಮಗಳು ಆಫೀಸಿಗೆ ಹೋಗಿದ್ದಳು. ಕೊಡುವವರು ಕೊಡಲು ಸಿದ್ಧ, ಪಡೆಯುವವರು ಕಾದು ಕೂತಿದ್ದಾರೆ, ನಡುವೆ ಬಾಯಿ ಮುಚ್ಚಿಕೊಂಡಿರಬೇಕಾದವಳು ನಾನೊಬ್ಬಳೇ. ಸತ್ಯ ಹೇಳುವ ಚಟ ನನಗೆ ಹುಟ್ಟಿನಿಂದ ಬಂದದ್ದೇನಲ್ಲ. ಮುಚ್ಚಿಬಿಡೋಣ ಎಂದೇ ಅನ್ನಿಸಿತು.

"ಯಾಕ್ರಿ, ಸುಮ್ಮನಾದ್ರಿ?"

ಹೇಳಿಬಿಟ್ಟೆ. ಅಂಕಿಗಳ ಮೇಲೆ ಬೆರಳಿಟ್ಟು ತೋರಿಸಿದೆ. ಅವರು ಕನ್ನಡಕ ಏರಿಸಿಕೊಂಡು ಪುಟವನ್ನು ಬಹಳ ಹೊತ್ತು ನೋಡಿದರು.

"ಅವರು ತಪ್ಪು ಅಳದಿರಬಹುದಾ?" ನಾನೇ ಆಸೆಯಿಂದ ಕೇಳಿದೆ.

"ಅವರ ಅಳತಿ ತಪ್ಪಿದ್ದಿಲ್ರಿ," ಎಂದರು. ಆ ಒಂದು ಮಾತಿನಲ್ಲಿ ಹೆಮ್ಮೆಯೂ ಇತ್ತು, ಸಂಕಟವೂ ಇತ್ತು. ನನ್ನ ಕೈ ಹಿಡಿದುಕೊಂಡರು. "ಹೋಗಲಿ. ಆಕಿಗೆ ಕಣ್ಣ ಕಾಣೂದಿಲ್ಲಂತ ಹೇಳಿದ್ರಲಾ. ಇದಽ ನಿಮ್ಮಪ್ಪಂದು ಅಂತ ಕೊಟ್ಟಬಿಡ್ರಿ. ತೊಂಬತ್ತು ವರ್ಷದ ಜೀವ. ನನಗೂ ಹಗರ ಆಗತದ, ಆಕಿಗೂ ಸಮಾಧಾನ. ಯಾರಿಗೆ ಗೊತ್ತಾಗತದ?"

ನಾನು ಒಳಗೊಳಗೇ ಯೋಚಿಸುತ್ತಿದ್ದುದನ್ನೇ ಅವರು ಬಾಯಿಬಿಟ್ಟು ಕೇಳಿದ್ದರು. ಬೇರೆಯವರ ಬಾಯಿಂದ ಕೇಳಿದಾಗಲೇ ಅದು ಆಗದ ಮಾತೆಂದು ನನಗೆ ತಿಳಿದದ್ದು.

"ನಾನು ಸಿಕ್ಕಿತು ಅಂತ ಬರೆದ ದಿನ ಆ ಪಟ್ಟಿಯಿಂದ ಅವರ ಹೆಸರು ತೆಗೀತಾರೆ ಆಂಟಿ," ಎಂದೆ. "ಅವರಪ್ಪನ ನಿಜವಾದ ಕಲ್ಲು ನಾಳೆ ಎಲ್ಲಾದ್ರೂ ಬಂದ್ರೆ ಯಾರೂ ಅವರನ್ನ ಕೇಳೋದಿಲ್ಲ. ಆ ಕಲ್ಲಿಗೆ ಯಾರೂ ದಿಕ್ಕಿರೋದಿಲ್ಲ. ನಾವಿಬ್ಬರೂ ಸೇರಿ ಅದನ್ನ ಎರಡನೇ ಸಲ ಕಳೆದ ಹಾಗಾಗುತ್ತೆ."

ಅವರು ಕೈ ಬಿಟ್ಟರು. "ಹಂಗಾದರ ಇದು ಯಾರದ್ರಿ?"

"ಗೊತ್ತಿಲ್ಲ."

"ಆ ಮನಶ್ಯಾ ಇದನ್ನ ನ್ಯಾಯವಾಗೇ ತಗೊಂಡಿದ್ದೇನು?"

"ಅದೂ ಗೊತ್ತಿಲ್ಲ ಆಂಟಿ." ಅವರ ಗಂಡ ಮೂರು ಸಲ ಅಳೆದು ಬರೆದಿಟ್ಟದ್ದರಿಂದ ಸ್ಕೋಕಿಯ ಪ್ರಶ್ನೆಗೆ ಉತ್ತರ ಸಿಕ್ಕಿತ್ತು. ಆಂಟಿಯ ಪ್ರಶ್ನೆಗೆ ಸಿಕ್ಕಿರಲಿಲ್ಲ, ಸಿಗುವ ದಾರಿಯೂ ಕರಗಿ ಹೋಗಿತ್ತು. ಅದನ್ನು ಅವರಿಗೆ ನೆನಪಿಸುವಷ್ಟು ಕ್ರೂರಿ ನಾನಲ್ಲ. ಅವರಿಗೆ ಅದು ಆಗಲೇ ಹೊಳೆದಿತ್ತು ಎಂದು ಮುಖ ನೋಡಿದರೆ ತಿಳಿಯುತ್ತಿತ್ತು.

ಹೊರಡುವಾಗ ಬಾಗಿಲಲ್ಲಿ ನಿಲ್ಲಿಸಿ, "ಆಕಿಗೆ ಹೇಳ್ರಿ. ಅಪ್ಪಂದಲ್ಲಂತ ಖರೇನಽ ಹೇಳ್ರಿ. ಆದರೂ ಬೇಕನಿಸಿದರ ತಗೋ, ಪ್ರೀತಿಲೆ ಕೊಡತೀನಿ ಅಂತ ಹೇಳ್ರಿ," ಎಂದರು. ಉಂಗುರವನ್ನು ನಾನು ತೆಗೆದುಕೊಳ್ಳಲಿಲ್ಲ. ಐದು ಗಂಟೆಯ ದಾರಿಯಲ್ಲಿ ರೇಡಿಯೋ ಹಾಕುವ ಮನಸ್ಸೂ ಆಗಲಿಲ್ಲ.

ಫೋನಿನಲ್ಲಿ ಹೇಳುವ ಸುದ್ದಿಯಲ್ಲ. ಮಾರನೆಯ ದಿನ ಬೆಳಿಗ್ಗೆ ಹದಿನಾಲ್ಕನೆಯ ಅಚ್ಚನ್ನು ಹತ್ತಿಯಲ್ಲಿಟ್ಟುಕೊಂಡು ಸ್ಕೋಕಿಗೆ ಹೋದೆ. ಅವರು ಒಳ್ಳೆಯ ಉಡುಪು ಹಾಕಿ, ಕೂದಲು ಬಾಚಿಸಿಕೊಂಡು ಕೂತಿದ್ದರು. ಬರುತ್ತೇನೆ ಎಂದಷ್ಟೇ ತಿಳಿಸಿದ್ದೆ. ಅವರು ತಮಗೆ ಬೇಕಾದ ಹಾಗೆ ಅರ್ಥ ಮಾಡಿಕೊಂಡಿದ್ದರು. ನಾನು ಕುರ್ಚಿ ಎಳೆದುಕೊಳ್ಳುವ ಮೊದಲೇ ಅಂಗೈ ಮುಂದೆ ಚಾಚಿದರು.

ಆ ಅಂಗೈಯನ್ನು ನೋಡುತ್ತಲೇ ಎಲ್ಲವನ್ನೂ ಹೇಳಿದೆ. ನಿಮಗೆ ಅವಸರಪಟ್ಟು ಫೋನ್ ಮಾಡಿದ್ದು ನನ್ನ ತಪ್ಪು, ಅಕ್ಕಸಾಲಿಗನದಲ್ಲ, ಇನ್ಯಾರದೂ ಅಲ್ಲ ಎಂದೆ. ಅವರು ಕೈ ಹಿಂದಕ್ಕೆ ತೆಗೆದುಕೊಂಡು ಮಡಿಲಲ್ಲಿಟ್ಟುಕೊಂಡರು.

"ಆ ಎಂಜಿನಿಯರ್ ತಪ್ಪಿರಬಹುದಲ್ಲ?"

"ಮೂರು ಸಲ ಅಳೆದಿದ್ದಾರೆ."

"ಒಳ್ಳೆಯ ಮನುಷ್ಯ," ಎಂದರು. ಬೈದರೋ ಹೊಗಳಿದರೋ ನನಗೆ ತಿಳಿಯಲಿಲ್ಲ.

ಆಂಟಿ ಹೇಳಿ ಕಳಿಸಿದ್ದನ್ನು ತಿಳಿಸಿದೆ. ಅವರು ತಲೆಯಾಡಿಸಿದರು. "ಆಕೆಗೆ ನನ್ನ ವಂದನೆ ಹೇಳು. ಆದರೆ ಬೇರೊಬ್ಬಳ ಗಂಡನ ಉಂಗುರ ನನ್ನ ಬಳಿ ಇರಬಾರದು. ಯಾರದೋ ವಸ್ತು ಯಾರದೋ ಮನೆಯಲ್ಲಿ ಕೂತದ್ದು ಸಾಕಷ್ಟಾಗಿದೆ." ಆಮೇಲೆ ಕೇಳಿದರು: "ಎಷ್ಟು ವ್ಯತ್ಯಾಸ ಅಂದೆ?"

"ಒಂದು ಪಾಯಿಂಟ್ ಮೂವತ್ತೈದು ಮಿಲಿಮೀಟರ್."

"ನನಗೆ ಅಂಕಿ ಹೇಳಬೇಡ. ಎಷ್ಟು?"

ಪರ್ಸಿನಲ್ಲಿ ತಡಕಾಡಿದೆ. ಡೈಮ್ ಸಿಕ್ಕಿತು, ಹತ್ತು ಸೆಂಟಿನ ತೆಳು ನಾಣ್ಯ. ಅದರ ದಪ್ಪ ಸರಿಯಾಗಿ ಅಷ್ಟೇ. ಅವರ ಬೆರಳುಗಳ ನಡುವೆ ಇಟ್ಟೆ. "ಇದರ ಅಂಚಿನಷ್ಟು," ಎಂದೆ.

ಅವರು ಉಗುರಿನಿಂದ ಅಂಚನ್ನು ಮುಟ್ಟಿ ನೋಡಿದರು. ತಿರುಗಿಸಿ ಮತ್ತೆ ಮುಟ್ಟಿದರು. "ಇಷ್ಟೇನಾ?"

"ಇಷ್ಟೇ."

ಕಿಟಕಿಯ ಕಡೆಯಿಂದ ಹಿಮ ತಳ್ಳುವ ಗಾಡಿಯ ಸದ್ದು ಬಂದು ಹೋಯಿತು. ನಾನು ಅಚ್ಚನ್ನು ಅದರ ಗೂಡಿನಲ್ಲಿ ಕೂರಿಸಿ, ಪೆಟ್ಟಿಗೆ ಮುಚ್ಚಿ, ಕೋಟು ಹಾಕಿಕೊಂಡೆ. ಪಟ್ಟಿಯಲ್ಲಿ ನಿಮ್ಮ ಹೆಸರು ಹಾಗೆಯೇ ಇರುತ್ತದೆ ಎಂದು ಹೇಳಿದೆ. ಅದು ಎಷ್ಟು ಬಡ ಸಮಾಧಾನವೆಂದು ಹೇಳುತ್ತಿರುವಾಗಲೇ ನನಗೆ ಗೊತ್ತಿತ್ತು.

"ಇನ್ನೊಂದು ಸಲ ಯಾವುದಾದರೂ ಕಲ್ಲು ಬಂದರೆ," ಎಂದರು ಅವರು, ನನ್ನ ಕಡೆ ತಿರುಗದೆ, "ಖಚಿತವಾಗುವ ತನಕ ನನಗೆ ಫೋನ್ ಮಾಡಬೇಡ."

"ಮಾಡುವುದಿಲ್ಲ," ಎಂದು ಮಾತು ಕೊಟ್ಟೆ.

ಬಾಗಿಲ ಹಿಡಿಗೆ ಕೈ ಹಾಕಿದ್ದೆ. ಹಿಂದಿನಿಂದ ದನಿ ಬಂತು.

"ಇಲ್ಲ. ಮಾಡು."